ಕೌಜುಗದ ಹೆಸರು ಕೇಳಿದ ಯಾಕೂಬ

ಗೋಕಾಕದಾಗ ಆಟೋ ಸೀಟು ಹೊಲಿಯೋ ಯಾಕೂಬನ ಕಾಲು ರವಿವಾರ ಬಂತಂದ್ರ ಮನ್ಯಾಗ ನಿಲ್ತಿದ್ದಿಲ್ಲ. ಕೊರಳಾಗ ದುರ್ಬೀನು ಹಾಕ್ಕೊಂಡು ಕುಲಗೋಡ ಬಸ್ಸು ಹತ್ತಾಂವ. ಮಂದಿ ಎತ್ತು ನೋಡಾಕ ಹೋಗ್ತಾರ, ಕನ್ಯಾ ನೋಡಾಕ ಹೋಗ್ತಾರ; ಇಂವ ಹಕ್ಕಿ ನೋಡಾಕ! "ಮನ್ಯಾಗಿನ ಕೋಳಿ ಎಷ್ಟದಾವ, ಗೊತ್ತೇನು ನಿಮಗ?" ಅಂತ ಹೆಂಡತಿ ಮುಮ್ತಾಜ ಕಾಡಸ್ತಿದ್ಲು.

ಬರೇ ನೋಡೂದಾಗಿದ್ರ ಚಲೋ ಇತ್ತು. ಅಂವಗ ಹೆಸರಿನ ಹುಚ್ಚು. ಮನ್ಯಾಗ ಉರ್ದು, ಅಂಗಡ್ಯಾಗ ಕನ್ನಡ, ಸಂಕೇಶ್ವರದ ಗಿರಾಕಿ ಬಂದ್ರ ಮರಾಠಿ. ಹಕ್ಕಿಗೂ ಮೂರೂ ಹೆಸರು ಬೇಕು. ಕುಲಗೋಡದ ಒಂದು ಬದುವಿನ ಮ್ಯಾಲೆ ಬೂದಿ ಬಣ್ಣದ ಜೋಡಿ ಕಂಡಿತ್ತು, ಮೈತುಂಬ ಸಣ್ಣ ಗೆರಿ. ತಾಯಿ ಅದಕ್ಕ ತೀತರ ಅಂತಿದ್ಲು, ಗಿರಾಕಿ ತಿತ್ತರ ಅಂದ. ಕನ್ನಡದಾಗ? ಬಸ್ಸಿನಾಗ ಕೇಳಿದ, ಚಾದಂಗಡ್ಯಾಗ ಕೇಳಿದ. "ಹಕ್ಕಿ ರೀ, ಮತ್ತೇನು!" ತಲಿ ಕೆಟ್ಟ ಹೋತು. ದಿನಾ ಕಣ್ಣಮುಂದ ಓಡ್ಯಾಡೋ ಹಕ್ಕಿ, ಹೆಸರು ಗೊತ್ತಿಲ್ಲಂದ್ರ ಏನ್ ಮಂದಿನೋ ಏನೋ!

ಕಡೀಕ ಆ ಹೊಲದ ಅಲ್ಲಪ್ಪನ್ನ ಬದುವಿಗೆ ಕರಕೊಂಡು ಹೋದ. ಹುಲ್ಲಿನ ಬುಡದಾಗ ಹೆಣ್ಣು ಕಾವಿಗೆ ಕುಂತಿತ್ತು. ಬೆರಳು ಮಾಡಿ ತೋರಿಸಿದ.

"ಅದಾ? ಕೌಜುಗ ರೀ ಅದು," ಅಂದ ಅಲ್ಲಪ್ಪ.

ಯಾಕೂಬ ಅಂವನ್ನ ಅಪ್ಪಿಕೊಳ್ಳೂದೊಂದು ಬಾಕಿ. ಚಾ ಕುಡಿಸಿದ, ಹೆಸರನ್ನ ಮತ್ತಮತ್ತ ಹೇಳಿಸಿದ. ಮರಿ ಹೊರಗ ಬಂದು ತಾಯಿ ಹಿಂದ ಓಡೂದು ನೋಡಬೇಕು ಅನ್ನೂದು ಅಂವನ ಆಸೆ. ಅದನ್ನ ಬಾಯಿಬಿಟ್ಟು ಹೇಳಬೇಕಿತ್ತಿಲ್ಲೋ? ಹೇಳಲಿಲ್ಲ ಪುಣ್ಯಾತ್ಮ! ಹೆಸರಿನ ಖುಷ್ಯಾಗ ಮರತ.

ಮುಂದಿನ ರವಿವಾರ ಬಸ್ಸಿಳಿದ್ರ ಅಲ್ಲಪ್ಪ ಕೈಚೀಲ ಹಿಡದು ನಿಂತಿದ್ದ. ಮಾರಿ ತುಂಬ ನಗಿ.

"ಎರಡೂ ಸಿಕ್ಕವು ಯಾಕೂಬಭಾಯಿ. ನಿಮ್ಮಲ್ಲಿ ಹಲಾಲ ಆಗಬೇಕಲ್ರಿ, ಅದಕ್ಕ ಜೀವಂತ ಇಟ್ಟೇನಿ. ತತ್ತಿನೂ ಅದಾವು, ಭಾಬಿಗೆ ಕೊಡ್ರಿ."

ಯಾಕೂಬನ ಸಿಟ್ಟು ನೆತ್ತಿಗೇರಿತು. ಚೀಲ ಕಸಗೊಂಡು ಬಿಚ್ಚಿದ. ಎರಡೂ ಪುರ್ ಅಂತ ಹಾರಿ ಕಬ್ಬಿನಾಗ ಹೊಕ್ಕವು.

"ಅಯ್ಯಯ್ಯ! ಮುಂಜಾನಿಂದ ಬಲಿ ಹಾಕ್ಕೊಂಡು ಕುಂತಿದ್ನಲ್ರಿ!" ಅಲ್ಲಪ್ಪನ ನಗಿ ಇಳೀತು. "ಹೆಸರು ಕೇಳಿದ್ರಿ, ಜಾಗಾ ನೀವ ತೋರಿಸಿದ್ರಿ. ಬಾಯಿ ಬಿಟ್ಟು ಕೇಳಾಕ ನಾಚತಾರ ಅಂತ ನಾನ ತಿಳಕೊಂಡೆ. ಬ್ಯಾಡಾಗಿದ್ರ ಯಾಕ ಕೇಳಿದ್ರಿ?"

ಬೆರಳು ಮಾಡಿ ತೋರಿಸಿದಾಂವ ತಾನ. ಯಾಕೂಬ ಅಲ್ಲೇ ಕುಕ್ಕರಗಾಲಿಲೆ ಕುಂತು, ಚೀಲದ ತಳದಾಗ ಹುಲ್ಲಿನ್ಯಾಗ ಸುತ್ತಿಟ್ಟ ತತ್ತಿ ಒಂದೊಂದ ತಗದು ಅಂಗೈಯಾಗ ಹಿಡದು ನೋಡಿದ. ಒಂದೂ ಬೆಚ್ಚಗಿರಲಿಲ್ಲ.