ಕಾಳಕ್ಕನ ಹೆಸರಿನ ಕೊನೆಯ ಅಕ್ಷರ

ಭಾನುವಾರ ಬೆಳಿಗ್ಗೆ ವಿಜ್ಞಾನ ಪತ್ರಿಕೆಯವರಿಂದ ಅಚ್ಚಿನ ಕರಡು ಬಂದಾಗ ಮಮತಾ ನಾಲ್ಕನೆಯ ರೊಟ್ಟಿ ತಟ್ಟುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಫೋನು ತೆರೆದಳು. ಹಿರಿಯೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅವಳು, ಎಲ್ಲರೂ ಉಂಡು, ಪಾತ್ರೆ ತೊಳೆದು, ಒಲೆ ಒರೆಸಿ ಉಳಿದ ಹೊತ್ತಿನಲ್ಲಿ ಆರು ವರ್ಷ ಬರೆದ ಲೇಖನ ಅದು. ಮಾರಿಕಣಿವೆ ಗುಡ್ಡದ ಹೊಸ ಜೇಡವೊಂದರ ವಿವರಣೆ. ಜೇಡಕ್ಕೆ ಅತ್ತೆ ಕಾಳಕ್ಕನ ಹೆಸರು.

ಕುರಿ ಮೇಯಿಸುತ್ತಾ ಕಲ್ಲೆತ್ತಿ ಅದನ್ನು ಮೊದಲು ತೋರಿಸಿದವಳು ಕಾಳಕ್ಕ. ಬರೆಯುವ ಬಗೆ ಹೊಳೆಯಿಸಿದವಳೂ ಅವಳೇ. ಇಂಥ ವಿವರಣೆಯಲ್ಲಿ ಕ್ರಿಯಾಪದ ಇರಕೂಡದು. ಒಂದು ಅಂಗದ ಲಕ್ಷಣಗಳ ನಡುವೆ ಅಲ್ಪವಿರಾಮ, ಅಂಗ ಬದಲಾದರೆ ಅರ್ಧವಿರಾಮ. ಮಮತಾ ಅದಕ್ಕೆ ಒಗ್ಗದೆ ಒದ್ದಾಡುತ್ತಿದ್ದಾಗ, ತಪ್ಪಿಸಿಕೊಂಡ ಕುರಿಯ ಗುರುತನ್ನು ಅತ್ತೆ ಪಕ್ಕದೂರು ಆದಿವಾಲದವರಿಗೆ ಫೋನಿನಲ್ಲಿ ಹೇಳುವುದು ಕಿವಿಗೆ ಬಿತ್ತು: "ಮುಖ ಕರೇದು, ಹಣೆಗೆ ಚುಕ್ಕಿ; ಕಿವಿ ಮೋಟು; ಹಿಂಗಾಲು ಬಿಳೇದು." ಉಸಿರು ನಿಲ್ಲಿಸಿದಲ್ಲೆಲ್ಲ ಅರ್ಧವಿರಾಮ. ಮಮತಾ ಅಂದೇ ಬರೆಯಲು ಕೂತಿದ್ದಳು.

ಈಗ ಕರಡಿನ ತಲೆಬರಹ ಕಂಡು ಅವಳು ಹಂಚಿನ ಮೇಲಿನ ರೊಟ್ಟಿ ಮರೆತು ಫೋನನ್ನು ಕಣ್ಣಿನ ಹತ್ತಿರ ಹಿಡಿದಳು. ಜೀವಿಗೆ ಹೆಂಗಸಿನ ಹೆಸರಿಟ್ಟರೆ ಅದರ ಶಾಸ್ತ್ರೀಯ ಹೆಸರಿನ ಕೊನೆಗೆ ಇಂಗ್ಲಿಷಿನ 'ಎ', 'ಇ' ಎರಡಕ್ಷರ ಬರಬೇಕು. ಗಂಡಸಿನದಾದರೆ 'ಐ' ಒಂದೇ. ಪತ್ರಿಕೆಯವರು 'ಐ' ಮಾಡಿದ್ದರು. ಪಕ್ಕದಲ್ಲಿ ಟಿಪ್ಪಣಿ: ಲೇಖನದಲ್ಲಿ ಕುರಿ ಕಾಯುವವರೆಂದು ಇರುವುದರಿಂದ ಗಂಡಸೆಂದು ತಿದ್ದಿದೆ. ಇಂದು ಹನ್ನೆರಡರೊಳಗೆ ಉತ್ತರ ಬರದಿದ್ದರೆ ಹಾಗೆಯೇ ಅಚ್ಚು. ಮಮತಾ ಅದನ್ನು ಮನೆಯವರಿಗೆಲ್ಲ ಕೇಳುವಂತೆ ಓದಿ ಹೇಳಿದಳು.

"ಒಂದಕ್ಷರ ತಾನೆ? ಮುಂದೆ ಯಾರಾದ್ರೂ ತಿದ್ದಿದ್ರಾತು," ಎಂದ ಗಂಡ ರವೀಂದ್ರ. "ರೊಟ್ಟಿ ಸೀಯ್ತಾ ಐತೆ ನೋಡು."

ಹೊಸ್ತಿಲಲ್ಲಿ ಕೂತಿದ್ದ ಕಾಳಕ್ಕ ತಿರುಗಿದಳು. "ಲೇ ರವಿ, ಕಿವೀಗೆ ಗುರುತಿನ ಕಚ್ಚು ಒಂದು ಹೆಚ್ಚಾದ್ರೆ ನಮ್ಮ ಕುರಿ ಪಕ್ಕದ ಹಟ್ಟಿ ಜಂಪಣ್ಣನ ಕುರಿ ಆಗ್ತೈತೆ. ಬಿಸಿಲಾಗೆ ಕಲ್ಲೆತ್ತಿದೋಳು ನಾನು, ಹೆಸರು ಗಂಡಸಿಗಾ? ಸೀದ್ರೆ ನೀನೇ ತಿರುವಾಕು."

ರವೀಂದ್ರ ಸೌಟು ಹುಡುಕಿ, ಅದಲ್ಲವೆಂದು ಇಟ್ಟು, ಕೈಯಲ್ಲೇ ತಿರುವಿ ಬೆರಳು ಸುಟ್ಟುಕೊಂಡ.

ಮಮತಾ ಆಗಲೇ ಬರೆಯುತ್ತಿದ್ದಳು: ಕಾಳಕ್ಕ: ಹೆಣ್ಣು; 'ಅಕ್ಕ', ನಮ್ಮಲ್ಲಿ ಹಿರಿಯ ಸೋದರಿ; ವೃತ್ತಿ, ನಲವತ್ತು ವರ್ಷದಿಂದ ಕುರಿ ಸಾಕಣೆ.

ಹನ್ನೊಂದೂ ಮುಕ್ಕಾಲಿಗೆ ಉತ್ತರ ಬಂತು. ಕ್ಷಮೆ ಕೇಳಿದ್ದರು, ಎರಡಕ್ಷರವೂ ಮರಳಿದ್ದವು. ಮಮತಾ ಅತ್ತೆಯ ಮುಂದೆ ಹೆಸರನ್ನು ಬಿಡಿಸಿ ಬಿಡಿಸಿ ಓದಿದಳು. ಕುಣಿಯುವುದೊಂದು ಬಾಕಿ.

ಕಾಳಕ್ಕ ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ ಹೇಳಿದಳು, "ಆ ತೆಗೆದುಹಾಕಿದ 'ಐ' ಐತಲ್ಲ, ಅದ್ನ ನಿಮ್ಮ ಮಾವಂಗೆ ಇಟ್ಕಳೇ. ಗುಡ್ಡದಾಗೆ ಅವರ ಹೆಸರಿಡಾಕೆ ಚೇಳಿಗೇನು ಬರವಾ?"