ತಂತಿಯ ಮೇಲಿನ ಹನಿ

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಹಣೆಗೆ ವಿಭೂತಿ ಇಲ್ಲದೆ ಯಾರೂ ಹೊಸ್ತಿಲು ದಾಟುವುದಿಲ್ಲ, ತುತ್ತು ಬಾಯಿಗಿಡುವುದಿಲ್ಲ. ಬಂಡೆಗಳ ವಯಸ್ಸು ಅಳೆಯುವ ಲ್ಯಾಬ್ ಸೇರಿದ ಮೇಲೆ ನನಗೆ ಇದೇ ತಲೆನೋವಾಯಿತು. ಬಂಡೆಯ ಚೂರನ್ನು ಆಮ್ಲದಲ್ಲಿ ಕರಗಿಸಿ, ಅದರೊಳಗಿನ ಸ್ಟ್ರಾನ್ಷಿಯಂ ಎಂಬ ಧಾತುವನ್ನು ಬೇರ್ಪಡಿಸಿ, ಒಂದು ಹನಿಯನ್ನು ತೆಳ್ಳನೆಯ ಲೋಹದ ತಂತಿಯ ಮೇಲೆ ಒಣಗಿಸುತ್ತೇವೆ. ತಂತಿ ಕಾದಂತೆ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡು ಹಾರುತ್ತವೆ. ಮಾಸ್ ಸ್ಪೆಕ್ಟ್ರೋಮೀಟರ್ ಅವನ್ನು ತೂಕದ ಪ್ರಕಾರ ವಿಂಗಡಿಸುತ್ತದೆ, ಆ ಲೆಕ್ಕದಿಂದ ಬಂಡೆಯ ವಯಸ್ಸು ಸಿಗುತ್ತದೆ. ಬೂದಿಯಲ್ಲೂ ಸ್ಟ್ರಾನ್ಷಿಯಂ ಇರುತ್ತದೆ. ಹಣೆಯಿಂದ ಒಂದು ಕಣ ಉದುರಿದರೆ ಯಂತ್ರ ಬಂಡೆಯನ್ನು ಬಿಟ್ಟು ನಮ್ಮ ದೇವರ ಮನೆಯನ್ನು ಅಳೆಯುತ್ತದೆ.

ಒಮ್ಮೆ, ಹೊರಗಿನ ಕೊಳೆ ಸೇರಿದೆಯೇ ಎಂದು ನೋಡಲು ಬಂಡೆಯ ಹನಿ ಹಾಕದೆ ಇಡುವ ಖಾಲಿ ತಂತಿಯೇ ಸ್ಟ್ರಾನ್ಷಿಯಂ ತೋರಿಸಿತು. ಗೈಡ್ ಮೇಡಂ ನನ್ನ ಹಣೆ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ದಿನಾ ಮುಖ ತೊಳೆದೇ ಒಳಗೆ ಹೋಗುತ್ತಿದ್ದೆ. ಆದರೆ ಹುಬ್ಬಿನ ಸಂದಿಯಲ್ಲಿ ಏನೂ ಉಳಿದಿಲ್ಲವೆಂದು ಆಣೆ ಮಾಡಿ ಹೇಳುವವರು ಯಾರು? ಸಿಟ್ಟನ್ನೆಲ್ಲ ಮನೆಗೆ ತಂದು ಅಮ್ಮನ ಮೇಲೆ ಕಾರಿದೆ. ಶಿವನ ಪ್ರಸಾದವನ್ನು ಕೊಳೆ ಅನ್ನುವಷ್ಟು ದೊಡ್ಡವಳಾದೆಯಾ ಎಂದು ಅಮ್ಮ ಮಾತು ಬಿಟ್ಟಳು. ಮಾತು ಬಿಟ್ಟರೂ ವಿಭೂತಿ ಬಿಡಲಿಲ್ಲ ಮಹಾರಾಯ್ತಿ.

ನನ್ನ ಪಿಎಚ್‌ಡಿ ಪ್ರಬಂಧದ ಕೊನೆಯ ಅಧ್ಯಾಯಕ್ಕೆ ಬೇಕಿದ್ದ ಚೂರು ಕರಗಿ ಒಂದೇ ಹನಿ ಉಳಿದಿತ್ತು. ಅದು ಕೆಟ್ಟರೆ ಇನ್ನೊಂದು ತರುವ ಹಾಗಿಲ್ಲ, ಚೂರು ತಂದಿದ್ದ ಕಲ್ಲುಕ್ವಾರಿ ನೀರು ತುಂಬಿ ಮುಳುಗಿತ್ತು. ನನ್ನ ವರ್ಷಗಳ ದುಡಿಮೆ ಆ ಹನಿಯಲ್ಲಿತ್ತು. ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳು ತಲೆಯೆತ್ತದೆ ಅಕ್ಕಿ ಆರಿಸುತ್ತಲೇ ಇದ್ದಳು.

ಹನಿ ಹಾಕುವ ದಿನ ಬೆಳಿಗ್ಗೆ ಅವಳು ದೇವರ ಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಹೋಗಿ ಹಣೆ ಒಡ್ಡಿದೆ. ಬೇಡವೆಂದು ಹೊರಟು ಏನಾದರೂ ಎಡವಟ್ಟಾದರೆ ಎಂಬ ಅಳುಕು ಓದಿದವಳಿಗೂ ಇರುತ್ತದೆ. ಅಮ್ಮ ಮೂರು ಬೆರಳನ್ನು ನೀರಿಗೆ ಅದ್ದಿದಳು. ಪಕ್ಕದಲ್ಲಿದ್ದ ವಿಭೂತಿ ಗಟ್ಟಿಯನ್ನು ಮುಟ್ಟದೆ, ಒದ್ದೆ ಬೆರಳನ್ನೇ ನನ್ನ ಹಣೆಯ ಮೇಲೆ ಎಳೆದಳು.

"ಬರೀ ನೀರು ಕಣೆ. ಶಿವನಿಗೆ ನಾನು ಹೇಳ್ಕೋತೀನಿ, ನೀನು ಹೋಗು."

ನಲ್ಲಿ ನೀರಿನಲ್ಲೂ ಸ್ಟ್ರಾನ್ಷಿಯಂ ಇದೆ ಅಂತ ನಾನು ಹೇಳಲಿಲ್ಲ. ಲ್ಯಾಬಿನ ಶುದ್ಧ ನೀರಿನಲ್ಲಿ ಮುಖ ತೊಳೆದು ಒಳಗೆ ಹೋದೆ.

ಕರೆಂಟ್ ಸ್ವಲ್ಪ ಜಾಸ್ತಿಯಾದರೂ ಹನಿ ಸಿಡಿಯುತ್ತದೆ, ತಂತಿ ತುಂಡಾಗುತ್ತದೆ. ಇಷ್ಟಿಷ್ಟೇ ಏರಿಸುತ್ತಾ ಒಣಗಿಸಿದೆ. ತಂತಿ ಮಂಕಾಗಿ ಕೆಂಪಗಾದ ಕೂಡಲೇ ನಿಲ್ಲಿಸಿದೆ. ಯಂತ್ರದೊಳಗೆ ಇಟ್ಟು ಮತ್ತೆ ಕಾಯಿಸಿದಾಗ ಮೊದಲು ಬಂದದ್ದು ಬಂಡೆಯಲ್ಲೇ ಇದ್ದ ಇನ್ನೊಂದು ಧಾತು ರುಬಿಡಿಯಂ, ಕರೆಯದೆ ಬಂದ ನೆಂಟ. ತೂಕದಲ್ಲಿ ಸ್ಟ್ರಾನ್ಷಿಯಂ ಜೊತೆ ಬೆರೆತು ಲೆಕ್ಕ ಕೆಡಿಸುತ್ತದೆ, ಅದು ಉರಿದುಹೋಗುವವರೆಗೆ ಕಾಯಬೇಕು. ಅವಸರಪಟ್ಟು ಶಾಖ ಏರಿಸಿದರೆ ಸ್ಟ್ರಾನ್ಷಿಯಂ ಕೂಡ ಕೈತಪ್ಪುತ್ತದೆ. ಪರದೆಯ ಮೇಲೆ ಸ್ಟ್ರಾನ್ಷಿಯಂ ಗೆರೆ ಎದ್ದಿತು, ಹಾಗೇ ಬಿದ್ದಿತು. ಶಾಖ ಏರಿಸಲು ಹೋದ ನನ್ನ ಕೈಯನ್ನು ಮೇಡಂ ಹಿಡಿದು, ಸುಮ್ಮನಿರು ಎಂದರು. ಗೆರೆ ಮೆಲ್ಲಗೆ ಮತ್ತೆ ಏರಿತು. ಸಂಜೆವರೆಗೂ ನಿಂತಿತು. ಖಾಲಿ ತಂತಿ ಈ ಸಲ ನಿಜಕ್ಕೂ ಖಾಲಿಯಾಗಿತ್ತು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕೂತಿದ್ದಳು. ಅವಳ ಹಣೆಯಲ್ಲಿ ಏನೂ ಇರಲಿಲ್ಲ. ಅಂಥ ಹಣೆಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಎಲ್ಲ ಸರಿಹೋಯಿತು ಎಂದೆ. ನೀನೇನೂ ತಿಂದಿಲ್ಲವಾ ಎಂದು ಕೇಳಿದೆ.

"ನಿನ್ನನ್ನ ಹಂಗೆ ಕಳಿಸಿ, ನಾನು ಹಚ್ಕೊಂಡು ಉಣ್ಣಲಾ?"

ಕೈಕಾಲು ತೊಳೆದು ಬಂದು ಗಟ್ಟಿಯ ಮೇಲೆ ಒದ್ದೆ ಬೆರಳು ಉಜ್ಜಿ, ಮೊದಲು ಅವಳ ಹಣೆಗೆ ಹಚ್ಚಿದೆ. ಮೂರು ಗೆರೆಯೂ ಸೊಟ್ಟಗೆ ಬಂದವು.