ಸ್ವಾಮಿಯ ಶನಿವಾರಕ್ಕೆ ನಾನು ಬೆರೆಸಿದ ಮಾತ್ರೆ

ಕಳೆದ ಬೇಸಿಗೆಯಲ್ಲಿ ಹೊನ್ನಾಳಿಯ ಕುಸ್ತಿ ಪಂದ್ಯದ ಬೆಳಿಗ್ಗೆ, ನನ್ನ ತಂಗಿ ಭಾಗ್ಯ ತೂಕದ ಯಂತ್ರದಿಂದ ಇಳಿದವಳು ಅಲ್ಲೇ ಕುಸಿದು ಬಿದ್ದಳು. ತೂಕ ನಾನು ಅಂದುಕೊಂಡಷ್ಟೇ ಬಂದಿತ್ತು. ಅವಳು ಬೀಳುವ ಹೊತ್ತಿಗೆ ನಾನು ಚಪ್ಪಾಳೆ ತಟ್ಟುತ್ತಿದ್ದೆ. ಆಂಜನೇಯಸ್ವಾಮಿಯನ್ನು ನಂಬಿದ ಬಂಧುಗಳೇ, ಅವಳನ್ನು ಬೀಳಿಸಿದವನು ನಾನೇ. ಸ್ವಾಮಿಯ ಕೃಪೆಯನ್ನು ಹೇಳುವ ಮೊದಲು ಇದನ್ನು ಹೇಳಲೇಬೇಕು.

ನಾನು ಚನ್ನಗಿರಿಯಲ್ಲಿ ವೆಲ್ಡಿಂಗ್ ಕೆಲಸ ಮಾಡುವವನು. ಏಳನೇ ತರಗತಿಗೆ ಶಾಲೆ ಬಿಟ್ಟೆ, ಗರಡಿಮನೆ ಬಿಡಲಿಲ್ಲ. ತಂಗಿಗೆ ಮೊದಲ ಪಟ್ಟು ಕಲಿಸಿದವನೂ ನಾನೇ. ಕಾಲೇಜು ಸೇರಿದ ಮೇಲೆ ಅವಳು ಮ್ಯಾಟ್ ಕುಸ್ತಿಯಲ್ಲಿ ಹೆಸರು ಮಾಡಿದಳು. ಆದರೆ ಅವಳ ತೂಕದ ವಿಭಾಗದಲ್ಲಿ ಜಗಳೂರಿನ ಹುಡುಗಿಯೊಬ್ಬಳು ಇದ್ದಳು. ಸಿಕ್ಕಾಗಲೆಲ್ಲ ಭಾಗ್ಯಳನ್ನು ಚಿತ್ ಮಾಡುತ್ತಿದ್ದಳು. ಅವಳನ್ನು ತಪ್ಪಿಸಲು ತಂಗಿಯನ್ನು ಒಂದು ವಿಭಾಗ ಕೆಳಗೆ ಇಳಿಸಬೇಕೆಂಬ ಹಟ ನನಗೆ ಹಿಡಿಯಿತು.

ನಮ್ಮ ಮನೆಯಲ್ಲಿ ಶನಿವಾರ ಸ್ವಾಮಿಯ ಒಪ್ಪತ್ತು. ತೂಕ ಹಾಕುವುದು ಭಾನುವಾರ. ಅವ್ವನಿಗೆ ಅನುಮಾನ ಬಾರದಂತೆ ತಂಗಿಯನ್ನು ಹಸಿವಿನಲ್ಲಿ ಇಡಲು ಇದಕ್ಕಿಂತ ಒಳ್ಳೆಯ ನೆಪ ಎಲ್ಲಿ ಸಿಗುತ್ತದೆ?

"ಈ ಶನಿವಾರ ಭಾಗಿ ನೀರೂ ಮುಟ್ಟಾಕಿಲ್ಲವ್ವ, ಸ್ವಾಮಿಗೆ ಹರಕೆ ಹೊತ್ತಾಳೆ" ಎಂದೆ.

"ನನ್ನ ಮಗಳಿಗೆ ಎಂಥಾ ಭಕ್ತಿ ಬಂತಪ್ಪ!" ಎಂದು ಅವ್ವ ಅವಳಿಗೆ ಆರತಿ ಎತ್ತಿದಳು.

ಆ ಶನಿವಾರ ಮಧ್ಯಾಹ್ನದ ಬಿಸಿಲಲ್ಲಿ, ಬೆವರಿಳಿಯಲೆಂದು ತಂಗಿಗೆ ಸ್ವೆಟರ್ ಹಾಕಿಸಿ ಓಡಿಸಿದೆ. ಅದಕ್ಕೂ ಮುಂಚೆ, ಆ ವಾರವಿಡೀ ಇನ್ನೊಂದು ಕೆಲಸ ಮಾಡಿದ್ದೆ. ಅಜ್ಜಿಯ ಕಾಲಿನ ಬಾವು ಇಳಿಯಲೆಂದು ಡಾಕ್ಟರು ಕೊಟ್ಟಿದ್ದ, ಮೂತ್ರ ಹೆಚ್ಚು ಹೋಗಿಸುವ ಮಾತ್ರೆಗಳನ್ನು ತಂಗಿಗೆ ಕೊಡುತ್ತಿದ್ದೆ. ನೀರು ಹೋದರೆ ತೂಕವೂ ಹೋಗುತ್ತದೆ ಎಂದು ಗರಡಿಯಲ್ಲಿ ಯಾರೋ ಹೇಳಿದ್ದರು.

"ಇದೇನಣ್ಣಾ?" ಎಂದು ಅವಳು ಕೇಳಿದಾಗ, "ಶಕ್ತಿ ಮಾತ್ರೆ, ನುಂಗು" ಎಂದೆ. ನನ್ನ ಮಾತು ನಂಬಿ ನುಂಗಿದಳು.

ಹೊನ್ನಾಳಿಯಿಂದ ಆಂಬುಲೆನ್ಸ್‌ನಲ್ಲಿ ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದೆವು. ಅವಳಿಗೆ ಪೂರ್ತಿ ಎಚ್ಚರವಿರಲಿಲ್ಲ. ಸುದ್ದಿ ತಿಳಿದ ಅವ್ವ ಸಂತೇಬೆನ್ನೂರು ಮಾರ್ಗದ ಬಸ್ಸಿನಲ್ಲಿ ನಿಂತುಕೊಂಡೇ ಬಂದಳು. ವೈದ್ಯರು ನಮ್ಮ ಕಡೆಯವರೇ, ಇನ್ನೂ ಚಿಕ್ಕ ವಯಸ್ಸು.

"ಎದೆಬಡಿತ ತಪ್ಪಾಕತ್ತೈತೆ. ರಕ್ತದಾಗೆ ಲವಣದಂಶ ಬಾಳ ಇಳಿದೈತೆ, ಕಿಡ್ನಿಗೂ ಪೆಟ್ಟು ಬಿದ್ದೈತೆ. ಯಾವುದಾದ್ರೂ ಮಾತ್ರೆ ತಗೊಂಡಿದ್ಲಾ?"

"ಇಲ್ಲ ಸಾರ್. ಬರೇ ಉಪವಾಸ" ಎಂದೆ.

"ಸ್ವಾಮಿ ಉಪವಾಸ ಸಾರ್" ಎಂದು ಅವ್ವ ಕೈ ಮುಗಿದಳು.

ಸಂಜೆಯಾದರೂ ಎದೆಬಡಿತ ಹಿಡಿತಕ್ಕೆ ಬರಲಿಲ್ಲ. ಹುಟ್ಟಿನಿಂದಲೇ ಹೃದಯದಲ್ಲೋ ಕಿಡ್ನಿಯಲ್ಲೋ ದೋಷವಿರಬಹುದು, ಬೆಂಗಳೂರಿಗೆ ಕಳಿಸಬೇಕಾದೀತು, ಇನ್ನು ಕುಸ್ತಿಯ ಮಾತು ಬೇಡ ಎಂದರು. ನಾನು ಕಾರಿಡಾರಿನ ಗೋಡೆಗೆ ಒರಗಿ, "ಸ್ವಾಮೀ, ಬೆಳ್ಳಿ ಗದೆ ಮಾಡಿಸ್ತೀನಿ, ಉಳಿಸಿಕೊಡು" ಎಂದು ಬೇಡಿದೆ. ಬೇಡಿದಷ್ಟೂ ಬಾಯಿ ಒಣಗಿತು. ಸುಳ್ಳು ನುಂಗಿಕೊಂಡು ಕೂತವನ ಹರಕೆ ಯಾರಿಗೆ ಬೇಕು?

ಪಕ್ಕದಲ್ಲಿ ಕೆರೆಬಿಳಚಿಯ ಒಬ್ಬ ಮುಸ್ಲಿಂ ತಾಯಿ ಕೂತಿದ್ದರು. ಅವರ ಗಂಡನೂ ಒಳಗಿದ್ದರು. ಅವ್ವ ಅವರಿಗೂ ಉಪವಾಸದ ಕಥೆ ಹೇಳಿದ್ದಳು. ಆ ತಾಯಿ ನನ್ನ ಕಡೆ ತಿರುಗಿ, "ನಮ್ಮಾಗೂ ರೋಜಾ ಉಪವಾಸ ಐತಪ್ಪ. ಕಾಯಿಲೆ ಇದ್ದೋರಿಗೆ ಮಾಫಿ ಐತೆ. ಜೀವ ಹೋಗೋ ಹಂಗೆ ಉಪವಾಸ ಇರು ಅಂತ ದೇವ್ರು ಕೇಳಾಕಿಲ್ಲ. ಮನುಷ್ಯರು ಯಾರೋ ಕೇಳಿರ್ತಾರೆ ನೋಡು" ಎಂದರು.

ಅವರಿಗೆ ಏನೂ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ, "ಸ್ವಾಮೀ, ಗದೆಯ ಮಾತು ವಾಪಸ್ ತಗೊಂಡೆ. ನನ್ನ ಬಾಯಿಗೆ ಬಲ ಕೊಡು, ಅಷ್ಟು ಸಾಕು" ಎಂದೆ. ಕಣ್ಣು ತೆರೆದಾಗ ವೈದ್ಯರು ಬಾಗಿಲು ತೆಗೆದು ಹೊರಗೆ ಬರುತ್ತಿದ್ದರು. ಹೋಗಿ ಅಡ್ಡ ನಿಂತು ಎಲ್ಲವನ್ನೂ ಹೇಳಿದೆ. ಮಾತ್ರೆಯ ಹೆಸರು ಗೊತ್ತಿರಲಿಲ್ಲ. ಮನೆಯಲ್ಲಿದ್ದ ಅಜ್ಜಿಗೆ ಫೋನ್ ಮಾಡಿ, ಪಕ್ಕದ ಮನೆಯವರಿಂದ ಅದನ್ನು ಓದಿಸಿದೆ.

"ಪೈಲ್ವಾನ್ರೇ, ಎದೆ ಇಷ್ಟು ಅಗಲ ಐತಲ್ರೀ. ಒಂದು ನಿಜ ಹೇಳಾಕೆ ಸಂಜೆತನಕ ಬೇಕಾಯ್ತಾ?" ಎಂದು ಗದರಿ ಒಳಗೆ ಓಡಿದರು.

ಅವ್ವ ಹಿಂದೆಯೇ ನಿಂತು ಕೇಳಿಸಿಕೊಂಡಿದ್ದಳು. ಹೊಡೆಯುತ್ತಾಳೆ ಎಂದುಕೊಂಡೆ. "ನನ್ನ ಕೈಯಾಗೆ ಆರತಿ ಬೇರೆ ಎತ್ತಿಸಿದೆಯಲ್ಲೋ" ಎಂದಳು, ಅಷ್ಟೇ. ಹೊಡೆದಿದ್ದರೆ ಹಗುರವಾಗುತ್ತಿತ್ತು.

ಕಾರಣ ತಿಳಿದ ಮೇಲೆ ವೈದ್ಯರಿಗೆ ದಾರಿ ಸಿಕ್ಕಿತು. ಮರುದಿನ ಬೆಳಿಗ್ಗೆ ಎದೆಬಡಿತ ಸಮವಾಯಿತು. ವಾರದೊಳಗೆ ಕಿಡ್ನಿಯೂ ಚೇತರಿಸಿತು. ಹೃದಯದಲ್ಲಿ ಹುಟ್ಟಿನ ದೋಷ ಯಾವುದೂ ಇರಲಿಲ್ಲ.

ಆಮೇಲೆ ನಮ್ಮನ್ನು ಕ್ರೀಡಾ ವೈದ್ಯೆಯೊಬ್ಬರ ಬಳಿಗೆ ಕಳಿಸಿದರು. ಆಟಗಾರರ ಡಾಕ್ಟರು ಎಂದರೆ ಉಳುಕಿದ ಮಂಡಿಗೆ ಸ್ಪ್ರೇ ಹೊಡೆಯುವವರು ಎಂದುಕೊಂಡಿದ್ದೆ. ಆಕೆ ಮಂಡಿಯನ್ನು ಕೊನೆಗೆ ನೋಡಿದರು. ಭಾಗ್ಯಳನ್ನು ಯಂತ್ರದ ಮೇಲೆ ಓಡಿಸಿ ಹೃದಯ ನೋಡಿದರು. ಏನು ತಿನ್ನುತ್ತಾಳೆ, ಎಷ್ಟು ನಿದ್ದೆ, ಸೋತ ದಿನ ಯಾರ ಹತ್ತಿರ ಮಾತಾಡುತ್ತಾಳೆ, ಎಲ್ಲ ಕೇಳಿದರು. ನನ್ನನ್ನು ಹೊರಗೆ ಕಳಿಸಿ ಮುಟ್ಟಿನ ವಿಚಾರವನ್ನೂ ಕೇಳಿದರು. ಅದು ಎಷ್ಟೋ ತಿಂಗಳಿಂದ ನಿಂತಿತ್ತಂತೆ. ಹೊಟ್ಟೆಗೆ ಕಡಿಮೆಯಾದರೆ ಹಾಗಾಗುತ್ತದೆ, ಮೂಳೆಯೂ ಸವೆಯುತ್ತದೆ ಎಂದು ಅವ್ವನಿಗೆ ತಿಳಿಸಿ ಹೇಳಿದರು. ಅಣ್ಣನಾಗಿ ನಾನು ನೋಡಿದ್ದು ತೂಕದ ಮುಳ್ಳು ಮಾತ್ರ.

ಮಳೆಗಾಲ ಮುಗಿದ ಮೇಲೆ ಆ ವೈದ್ಯೆ ಒಪ್ಪಿಗೆ ಕೊಟ್ಟರು. ನ್ಯಾಮತಿಯ ಪಂದ್ಯಕ್ಕೆ ಭಾಗ್ಯ ರೊಟ್ಟಿ, ಕಾಳಿನ ಪಲ್ಯ ಉಂಡು ಹೋದಳು. ತನ್ನದೇ ತೂಕದಲ್ಲಿ ಆಡಿದಳು. ಒಂದು ಕುಸ್ತಿ ಗೆದ್ದಳು, ಮುಂದಿನದರಲ್ಲಿ ಸೋತಳು. ಅವಳ ಕಡೆಯ ಮೂಲೆಯಲ್ಲಿ ಕೂತಿದ್ದವರು ಕಾಲೇಜಿನ ಕೋಚ್. ನಾನು ಜನರ ನಡುವೆ ನಿಂತಿದ್ದೆ. ಅಲ್ಲೇ ನಿಲ್ಲು ಎಂದು ಅವಳೇ ಹೇಳಿದ್ದಳು.

ಬಸ್ ಸ್ಟ್ಯಾಂಡಿನಲ್ಲಿ ಕೇಳಿಯೇಬಿಟ್ಟೆ: "ಭಾಗೀ, ಸ್ವಾಮಿ ನನ್ನ ಕ್ಷಮಿಸ್ಯಾನೆ ಅನ್ನಿಸ್ತೈತೆ. ನೀನು?"

"ಸ್ವಾಮಿ ದೊಡ್ಡೋನು, ಬೇಗ ಕ್ಷಮಿಸ್ತಾನೆ. ನನಗೆ ಇನ್ನೂ ಸ್ವಲ್ಪ ದಿನ ಬೇಕಣ್ಣಾ" ಎಂದಳು. ಬಸ್ ಬಂತು. ಕಿಟಕಿ ಪಕ್ಕ ಕೂತು, ನನಗೂ ಜಾಗ ಹಿಡಿದಳು.

ಈಗ ಎಲ್ಲಿ ಪಂದ್ಯವಿದ್ದರೂ ತೂಕ ಹಾಕುವ ಜಾಗಕ್ಕೆ ಹೋಗಿ, ಒಣಗಿದ ತುಟಿಯ ಮಕ್ಕಳನ್ನೂ ಅವರ ಅಣ್ಣಂದಿರನ್ನೂ ಹುಡುಕಿ ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ಕೆಲವರು ಬೈಯುತ್ತಾರೆ. ಬೈಯಲಿ, ನಾನು ಬಿಡುವವನಲ್ಲ. ತಂಗಿಯನ್ನು ಉಳಿಸಿಕೊಟ್ಟ ಸ್ವಾಮಿಗೆ ನನ್ನ ಅಡ್ಡಬಿದ್ದ ನಮಸ್ಕಾರ. ಅವಳು ಕೇಳಿದ ದಿನಗಳನ್ನು ಕಾಯುವ ತಾಳ್ಮೆಯನ್ನೂ ಅವನೇ ಕೊಡುತ್ತಾನೆಂದು ನಂಬಿದ್ದೇನೆ.